ಒಳಮಡಿಕೆ

"ಕೈ ಎತ್ತಿ," ಎಂದಳು ಅನುಸೂಯಮ್ಮ, ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಬೀಳಿಸದೆ.

ರಾಜ ಕೈ ಎತ್ತಿದ. ಮೇಲೆ ಮೆರೂನ್ ಬಣ್ಣದ ಮಖಮಲ್ಲಿನ ನಿಲುವಂಗಿ, ಅದರ ಕೆಳಗೆ ಪಟ್ಟೆ ಚಡ್ಡಿಯ ಅಂಚು, ಅದಕ್ಕೂ ಕೆಳಗೆ ವೆಂಕಟಪ್ಪನ ಎರಡು ಒಣಕಲು ಕಾಲು. ನಡುಮನೆಯ ಕಿಟಕಿಯಿಂದ ಬೆಳಗಿನ ಬಿಸಿಲು ಬಂದು ಎದೆಯ ಮೇಲಿನ ತಗಡಿಗೆ ಬಡಿದು ಗೋಡೆಯ ತುಂಬ ದುಂಡುದುಂಡಾಗಿ ಚೆಲ್ಲಿತ್ತು.

"ಈ ನೆಲದಲ್ಲಿ ನನ್ನ ನೆರಳು ಬಿದ್ದ ಜಾಗವೆಲ್ಲ ನನ್ನದು," ಎಂದು ಅವನು ಕ್ಯಾಲೆಂಡರಿನ ಕಡೆ ತಿರುಗಿ ಗುಡುಗಿದ. "ಬೇಡಿ ಬಂದವನಿಗೆ... ಬೇಡಿ ಬಂದವನಿಗೆ..."

"ನೆರಳಿನ ಅಂಚೂ ಇಲ್ಲ," ಎಂದಳು ಅನುಸೂಯಮ್ಮ, ಕಂಕುಳ ಹತ್ತಿರ ಪಿನ್ನು ಚುಚ್ಚುತ್ತ.

"ಗೊತ್ತು ಕಣೆ. ನಾನ್ ಹೇಳೋದ್ರೊಳ್ಗೆ ನೀನು ಬಾಯಿ ಹಾಕ್ತೀಯ."

"ಹೂಂ."

ದಿನವೂ ಇದೇ ಸಾಲಿನಲ್ಲಿ ಅವನ ನಾಲಿಗೆ ಎಡವುತ್ತಿತ್ತು. ಯಾವ ಶೆಡ್ಡಿನವನು ಯಾವ ತಾರೀಖಿಗೆ ಬಾಡಿಗೆ ತಪ್ಪಿಸಿದ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಮನುಷ್ಯನಿಗೆ ರಾಜನ ಎರಡು ಸಾಲು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಟಕದ ಅಭ್ಯಾಸ ಶುರುವಾದಾಗಿನಿಂದ ಪುಸ್ತಕ ಹಿಡಿದುಕೊಂಡು ಅವನಿಗೆ ಹೇಳಿಕೊಟ್ಟು ಹೇಳಿಕೊಟ್ಟು, ಈಗ ಅನುಸೂಯಮ್ಮನಿಗೆ ಪುಸ್ತಕವೇ ಬೇಕಿರಲಿಲ್ಲ.

ನಾಗಸಂದ್ರದ ಮೆಟ್ರೋ ಸ್ಟೇಷನ್ನಿನಿಂದ ಒಳಗೆ ಬಂದರೆ, ಹಿಂದೆ ರಾಗಿ ಬೆಳೆಯುತ್ತಿದ್ದ ವೆಂಕಟಪ್ಪನ ಹೊಲದಲ್ಲಿ ಈಗ ಶೆಡ್ಡುಗಳ ಸಾಲು. ಒಂದರಲ್ಲಿ ತಗಡು ಒತ್ತುವ ಪ್ರೆಸ್ಸು, ಪಕ್ಕದಲ್ಲಿ ಗಾರ್ಮೆಂಟ್ಸು, ಅದರಾಚೆ ಕಾರಿನ ಸೀಟ್ ಕವರ್ ಹೊಲಿಯುವವರು. ಬಾಡಿಗೆ ತಾನಾಗಿ ಬಂದು ಬೀಳತೊಡಗಿದ ಮೇಲೆ ಊರಿನ ಗಂಡಸರಿಗೆ ಮಾಡುವುದಕ್ಕೆ ಕೆಲಸ ಉಳಿಯಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ರಾಜರಾಗುತ್ತಿದ್ದರು. ಚಂದಾ ಹೆಚ್ಚು ಕೊಟ್ಟವನಿಗೆ ರಾಜಾಪಾರ್ಟು, ಆಮೇಲಿನವನಿಗೆ ಮಂತ್ರಿ, ಏನೂ ಕೊಡದವನಿಗೆ ದ್ವಾರಪಾಲಕ. ಹಾಡಲು ಬರುತ್ತದೆಯೇ ಎಂದು ಹಾರ್ಮೋನಿಯಂ ಮೇಷ್ಟರೂ ಕೇಳುತ್ತಿರಲಿಲ್ಲ. ಅವರಿಗೂ ಸಂಸಾರವಿತ್ತು.

ಆದರೆ ಆ ನಾಟಕದ ಸಂಘದಲ್ಲಿ ಹಳಬರು ಮಾಡಿಟ್ಟ ಒಂದು ಪದ್ಧತಿಯಿತ್ತು. ಪೇಟೆಯಿಂದ ವೇಷ ಬಾಡಿಗೆಗೆ ತರುವುದಿಲ್ಲ. ರಾಜನ ಅಂಗಿ ಸಂಘದ ಸೊತ್ತು. ನಾಟಕ ಮುಗಿದ ಮೇಲೆ ಅದು ಭಜನೆಮನೆಯ ಟ್ರಂಕು ಸೇರುತ್ತದೆ, ಮುಂದಿನ ವರ್ಷದ ರಾಜ ಅದನ್ನೇ ತೊಡುತ್ತಾನೆ. ಅದಕ್ಕೇ ಅದನ್ನು ಯಾರ ಮೈಗೂ ಸರಿಯಾಗಿ ಕತ್ತರಿಸುವುದಿಲ್ಲ. ಎರಡೂ ಪಕ್ಕೆಗಳಲ್ಲಿ, ಬೆನ್ನಿನ ನಡುವೆ, ತೋಳಿನ ಉದ್ದಕ್ಕೂ ಅಂಗೈ ಅಗಲದ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿದಿರುತ್ತಾರೆ. ದಪ್ಪ ರಾಜ ಬಂದರೆ ಹೊಲಿಗೆ ಬಿಚ್ಚಿ ಮಡಿಕೆ ಬಿಡುವುದು, ತೆಳ್ಳಗಿನವನು ಬಂದರೆ ಮತ್ತೆ ಒಳಕ್ಕೆ ಎಳೆಯುವುದು. ನೆಲಮಂಗಲದ ಆಚೆಯ ತವರಿನಲ್ಲಿ ಅನುಸೂಯಮ್ಮನ ಅಪ್ಪ ಪಾಪಯ್ಯ ಬೇಸಾಯದ ಜೊತೆಗೆ ನಾಟಕದ ಬಟ್ಟೆ ಹೊಲಿಯುತ್ತಿದ್ದ. ಮಡಿಕೆ ಬಿಡುವುದನ್ನು ಅವಳು ಅವನ ಮೊಣಕಾಲಿಗೆ ಒರಗಿಕೊಂಡು ಕಲಿತವಳು.

ಹಳೆಯ ಅಂಗಿ ಅದೆಷ್ಟೋ ರಾಜರ ಬೆವರು ಕುಡಿದು ಈ ಸಲ ಕೈಗೆ ಬರದಂತೆ ಹರಿದಿತ್ತು. ಹೊಸದನ್ನು ಹೊಲಿಯುವ ಕೆಲಸ ಅವಳ ಪಾಲಿಗೆ ಬಂತು. ಹೊಸದೆಂದರೆ ಹೊಸ ಬಟ್ಟೆ ಒಂದು ಗೇಣೂ ಇರಲಿಲ್ಲ. ಮಖಮಲ್ಲು ಸೀಟ್ ಕವರಿನವರು ಎಸೆದ ತುಂಡುಗಳು. ಜೋಡಿಸಿದ ಕಡೆಯಲ್ಲೆಲ್ಲ ಹಳೆಯ ಅಂಗಿಯಿಂದ ಬಿಡಿಸಿದ ಜರಿಪಟ್ಟಿ ಕೂರಿಸಿ, ತೇಪೆಯೇ ಚಿತ್ತಾರವಾಗುವಂತೆ ಮಾಡಿದ್ದಳು. ಹೊಳೆಯುವ ಚಮಕಿ ಗಾರ್ಮೆಂಟ್ಸಿನಲ್ಲಿ ರಿಜೆಕ್ಟಾದ ಫ್ರಾಕುಗಳದ್ದು. ಎದೆಯ ಕವಚ ಪ್ರೆಸ್ಸಿನವರು ಬಿಲ್ಲೆ ಒತ್ತಿ ತೆಗೆದ ಮೇಲೆ ಉಳಿದ ತೂತುತೂತಿನ ತಗಡು. ಆ ತೂತುಗಳಲ್ಲೇ ತಂತಿ ಪೋಣಿಸಿ ಬಟ್ಟೆಗೆ ಬಿಗಿದಿದ್ದಳು. ಭುಜಕ್ಕೂ ಎದೆಗೂ ಒಳಗಿನಿಂದ ಬನಿಯನ್ ಬಟ್ಟೆಯ ಚಿಂದಿ ತುರುಕಿದ್ದಳು. ಇಲ್ಲದಿದ್ದರೆ ಈ ರಾಜ ಗೂಟಕ್ಕೆ ನೇತುಹಾಕಿದ ಚೀಲದಂತೆ ಕಾಣುತ್ತಿದ್ದ.

ಅವಳು ಗೋಣಿಚೀಲ ಹಿಡಿದು ಶೆಡ್ಡುಗಳ ಹಿಂದೆ ಹೋದಾಗಲೆಲ್ಲ ವೆಂಕಟಪ್ಪ ಮುಖ ಗಂಟಿಕ್ಕುತ್ತಿದ್ದ. "ಓನರ್ ಹೆಂಡ್ತಿ ಚಿಂದಿ ಆಯ್ತಾವ್ಳೆ ಅಂತಾರೆ. ಮಾನ ಮರ್ವಾದೆ ಇಲ್ವಾ ನಿಂಗೆ?" ಎನ್ನುತ್ತಿದ್ದ. ಹೊಸದು ತರಲು ಕಾಸು ಬಿಚ್ಚುತ್ತಲೂ ಇರಲಿಲ್ಲ. ಅಂಗಿ ರೂಪಕ್ಕೆ ಬಂದ ಮೇಲೆ ಮಾತ್ರ, ಚಿಕ್ಕಪೇಟೆಯಲ್ಲಿ ಆರ್ಡರು ಕೊಟ್ಟು ಮಾಡಿಸಿದ್ದೆಂದು ಟೀ ಅಂಗಡಿಯಲ್ಲಿ ಹೇಳಿಕೊಂಡು ಬಂದ. ಅದು ಅವಳ ಕಿವಿಗೂ ಬಿತ್ತು. ಅವಳು ತಿದ್ದಲಿಲ್ಲ. ತಿದ್ದುವುದಕ್ಕಾದರೂ ಎದುರಿಗಿರುವವನ ಮೇಲೆ ಒಂದಿಷ್ಟು ಗೌರವ ಬೇಕು.

ವೆಂಕಟಪ್ಪ ಎತ್ತಿದ ಕೈ ಇಳಿಸಿ ಪಕ್ಕೆ ತಡವಿಕೊಂಡ. "ಇದೇನಿದು, ದಪ್ಪಗೆ ಒತ್ತುತ್ತೆ?"

"ಮಡಿಕೆ."

"ಯಾತಕ್ಕೆ?"

"ಯಾವಾಗ್ಲೂ ಬಿಡೋದೇ ಅಲ್ವಾ."

ಅವನು ಅಂಗಿಯ ಅಂಚನ್ನು ಎತ್ತಿ ಒಳಗೆ ನೋಡಿದ. ಮೂವತ್ತು ವರ್ಷ ಅವಳು ಹೊಲಿದದ್ದನ್ನು ತೊಟ್ಟವನು ಒಳಭಾಗವನ್ನು ನೋಡಿದ್ದು ಅದೇ ಮೊದಲಿರಬೇಕು. ಅವನ ಮುಖ ನಿಧಾನವಾಗಿ ಕೆಂಪೇರಿತು.

"ಓಹೋ. ದೇವರಾಜನ ಹೊಟ್ಟೆಗೆ ಜಾಗ ಬಿಟ್ಟಿದೀಯ."

ದೇವರಾಜ ಅವನ ಚಿಕ್ಕಪ್ಪನ ಮಗ. ಎತ್ತರದ ಆಳು, ಅದಕ್ಕೆ ತಕ್ಕ ಗಾತ್ರ. ಮುಂದಿನ ವರ್ಷದ ರಾಜಾಪಾರ್ಟು ತನಗೇ ಎಂದು ಈಗಾಗಲೇ ಸಂಘದಲ್ಲಿ ಮಾತಾಡಿಕೊಂಡಿದ್ದ.

"ಯಾರ ಹೊಟ್ಟೆಗೂ ಅಲ್ಲ," ಎಂದಳು ಅನುಸೂಯಮ್ಮ. "ಅಂಗಿ ಅಂದ್ರೆ ಅಂಗೇ ಹೊಲಿಯೋದು."

"ಕತ್ತರ್ಸಾಕು."

"ಏನು?"

"ಮಡಿಕೆ ಎಲ್ಲಾ ಕತ್ತರ್ಸಾಕು ಅಂದೆ. ನನ್ನ ಮೈಗೆ ಎಷ್ಟು ಬೇಕೋ ಅಷ್ಟಿರ್ಲಿ. ಆಮೇಲೆ ಟ್ರಂಕಿಗೆ ಹಾಕ್ತೀನಿ, ಬ್ಯಾಡ ಅನ್ನಲ್ಲ. ಅವ್ನು ಬಂದು ತೂರಿಸ್ಕೊಳ್ಳಿ ನೋಡಾಣ, ತೋಳು ಮೊಣಕೈ ದಾಟುತ್ತಾ ಅಂತ." ತನ್ನ ಜಾಣತನಕ್ಕೆ ತಾನೇ ನಕ್ಕ. "ಸಾಯಂಕಾಲ ಬಂದು ನೋಡ್ತೀನಿ. ಕತ್ತರ್ಸಿದ ಬಟ್ಟೆ ನನ್ನ ಕಣ್ಣಿಗೆ ಕಾಣ್ಬೇಕು."

ಅಂಗಿಯನ್ನು ಹೆಗಲಿನಿಂದ ಜಾರಿಸಿ ಕುರ್ಚಿಯ ಮೇಲೆ ಎಸೆದು, ಪ್ಯಾಂಟು ಏರಿಸಿಕೊಂಡು ಹೊರಟುಹೋದ. ಎಸೆದ ರಭಸಕ್ಕೆ ತಗಡು ಝಲ್ ಎಂದಿತು. ಎದೆಯೂ ಭುಜವೂ ಕುರ್ಚಿಯ ಮೇಲೇ ಉಳಿದವು. ಹೋಗುತ್ತಿದ್ದವನ ಬೆನ್ನನ್ನು ಅವಳು ಬಾಗಿಲು ದಾಟುವವರೆಗೆ ನೋಡಿದಳು. ಆ ಬೆನ್ನಿನಲ್ಲಿ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ವೆಂಕಟಮ್ಮ ಬಂದಳು. ಹಿಂದಿನ ಬೀದಿಯವಳು, ಗಾರ್ಮೆಂಟ್ಸಿನಲ್ಲಿ ಹೆಲ್ಪರು; ಭಾನುವಾರ ಬಂದಾಗ ವಾರದ ಚಿಂದಿಯನ್ನು ಚೀಲದಲ್ಲಿ ತುಂಬಿ ತರುತ್ತಿದ್ದಳು. ಚೀಲವನ್ನು ಬಾಗಿಲ ಹತ್ತಿರ ಇಳಿಸಿ, ಕುರ್ಚಿಯ ಮೇಲಿದ್ದ ಅಂಗಿಗೆ ಕೈಮುಗಿದಳು.

"ಮಾರಾಜ್ರು ಎಲ್ಲೋದ್ರು ಅನುಸೂಯಕ್ಕ? ದೇಹ ಇಲ್ಲೇ ಬಿಟ್ಟವ್ರೆ."

"ಟೀ ಕುಡಿಯಾಕೆ."

"ಚಿಕ್ಕಪೇಟೇಲಿ ಹೊಲ್ಸಿದ್ದಂತಲ್ಲ. ನಮ್ ಲೈನಲ್ಲಿ ರಿಜೆಕ್ಟಾದ ಚಮಕಿ ಚಿಕ್ಕಪೇಟೆಗೆ ಯಾವಾಗ ಓಯ್ತು ಅಂತ ಕೇಳ್ಬೇಕು ಅಂತಿದ್ದೆ." ನೆಲಕ್ಕೆ ಕೂತು ಕಾಲು ಚಾಚಿದಳು. "ಅಕ್ಕಾ, ಒಂದ್ ವಿಷ್ಯ. ನಗ್ಬಾರ್ದು."

"ನಗೋದು ನಿನ್ ಕೆಲ್ಸ."

"ನಮ್ ಮಹಿಳಾ ಸಂಘದ ಹೆಂಗಸ್ರೆಲ್ಲ ಸೇರಿ ನಾವೂ ಒಂದ್ ನಾಟ್ಕ ಆಡಾಣ ಅಂತ. ದಾಸರಹಳ್ಳಿ ಕಡೆ ಆಡವ್ರೆ ಹೆಂಗಸ್ರು. ಮೇಷ್ಟ್ರನ್ನೂ ಕೇಳಿದೀವಿ, ಆಗ್ಲಿ ಅಂದ್ರು. ಎಲ್ಲಾ ಪಾರ್ಟಿಗೂ ಜನ ಅವ್ರೆ. ರಾಜಾಪಾರ್ಟಿಗೇ ಇಲ್ಲ. ವನಜಾ ಮಾಡ್ತೀನಿ ಅಂದ್ಲು, ಎರಡ್ ಮಾತು ಆಡೋವತ್ಗೆ ಸೆರಗು ಬಾಯಿಗಿಟ್ಕೊಂಡು ಕಿಸಿಕಿಸಿ ಅಂತಾಳೆ. ನೀನೇ ಸರಿ ಅಂತ ನಾನಂದೆ. ಆಳ್ತನ ಐತೆ, ಗಂಟ್ಲೈತೆ."

"ನನ್ ಆಳ್ತನ ನಿಮ್ಗೆ ಆಟ ಆಗೋಯ್ತಾ."

"ಇರೋದನ್ನೇ ಅಂದೆ."

"ನಿಮ್ಗೆ ಬೇರೆ ಕೆಲ್ಸ ಇಲ್ವೇನ್ರೆ? ಅವ್ರು ಕುಣಿಯೋದು ಸಾಲ್ದು ಅಂತ ನೀವೂನಾ. ಪರದೆ ಎತ್ತೋದ್ರೊಳ್ಗೆ ಸರ ಕಾಣುತ್ತಾ, ಬಳೆ ಕಾಣುತ್ತಾ ಅಂತ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ನಿಂತಿರ್ತೀರ."

"ಅದೂ ಇರುತ್ತೆ," ಎಂದು ವೆಂಕಟಮ್ಮ ಒಪ್ಪಿಕೊಂಡಳು. "ನೀನು ಆಗಲ್ಲ ಅಂದ್ರೆ ಬಿಟ್ಟಾಕ್ತೀವಿ. ರಾಜ ಇಲ್ದೆ ಏನ್ ನಾಟ್ಕ." ಎದ್ದು ಸೀರೆ ಕೊಡವಿಕೊಂಡು ಹೊರಟಳು.

ಮನೆಯಲ್ಲಿ ಪ್ರೆಸ್ಸಿನ ಸದ್ದಿಲ್ಲದ ಭಾನುವಾರದ ಮೌನ. ಅನುಸೂಯಮ್ಮ ಅಂಗಿಯನ್ನು ಒಳಹೊರಗು ಮಾಡಿ ಮಂಡಿಯ ಮೇಲೆ ಹರಡಿಕೊಂಡಳು. ಹೊರಗಿನಿಂದ ಅರಮನೆ, ಒಳಗಿನಿಂದ ಶೆಡ್ಡು: ಕಾರಿನ ಕಂಪನಿಯ ಅಕ್ಷರ ಅಚ್ಚಾದ ತುಂಡುಗಳು, ಯಾವುದೋ ದೇಶದ ಮಗುವಿನ ಅಳತೆಯ ಚೀಟಿ ಇನ್ನೂ ಬಿಡದ ಲೈನಿಂಗು. ಇಷ್ಟು ದಿನ ಬದುಕಿದ್ದಕ್ಕೆ ಎರಡನೇ ಸಲ ತಿರುಗಿ ನೋಡಬೇಕೆನ್ನಿಸುವಂತೆ ತಾನು ಮಾಡಿದ್ದು ಇದೊಂದೇ ಎಂದು ಅವಳಿಗೆ ಗೊತ್ತಿತ್ತು. ಕತ್ತರಿಯನ್ನು ತೆರೆದು ಮಡಿಕೆಯ ಬುಡಕ್ಕೆ ಇಟ್ಟಳು. ಒಂದು ಸಲ ಹೋಯಿತೆಂದರೆ ಇದು ವೆಂಕಟಪ್ಪನ ಅಂಗಿ. ಇನ್ನು ಯಾವ ಮೈಗೂ ಆಗುವುದಿಲ್ಲ. ಅವನ ಹಾಗೇ ಅದೂ ಟ್ರಂಕಿನಲ್ಲಿ ಯಾರಿಗೂ ಬೇಡವಾಗಿ ಮುದುರಿಕೊಂಡಿರುತ್ತದೆ.

ಗಂಡನ ಮೇಲಿನ ತಾತ್ಸಾರ ಅವಳಿಗೆ ಹಳೆಯ ಚಪ್ಪಲಿಯ ಹಾಗೆ, ಕಾಲಿಗೆ ಒಗ್ಗಿಹೋದದ್ದು. ಈ ಹೊತ್ತು ಅದು ತಿರುಗಿ ಅವಳನ್ನೇ ಕಚ್ಚಿತು. ಆ ಎದೆಗೆ ಚಿಂದಿ ತುರುಕಿದವರು ಯಾರು? ಪ್ರತಿ ಸಲ ಅವನು ತಡವರಿಸಿದಾಗ ಉಳಿದ ಸಾಲನ್ನು ಬಾಯಿಗೆ ಇಟ್ಟವರು ಯಾರು? ಅವನು ರಾಜನಾದದ್ದು ಚಂದಾದಿಂದಲ್ಲ. ಊರಿನವರು ಚಪ್ಪಾಳೆ ತಟ್ಟುವಾಗ ಹಿಂದಿನ ಸಾಲಿನಲ್ಲಿ ಕೂತು, ತೋಳಿನ ಹೊಲಿಗೆ ಬಿಡದಿದ್ದರೆ ಸಾಕೆಂದು ನೋಡುತ್ತಿದ್ದ ಹೆಂಗಸಿನ ಮೇಲೆ, ಎಂದರೆ ತನ್ನ ಮೇಲೆಯೇ, ಅವಳಿಗೆ ಹೇಸಿಗೆಯಾಯಿತು.

ಮಡಿಕೆಯಿಂದ ಕತ್ತರಿಯನ್ನು ಹಿಂದಕ್ಕೆ ತೆಗೆದಳು.

ಕೋಣೆಯ ಅಲಮಾರಿನ ತಳದಲ್ಲಿ ಹಳೆಯ ಕಿಟಕಿ ಪರದೆಯೊಂದಿತ್ತು. ಮೆರೂನ್ ಬಣ್ಣದ್ದೇ, ಬಿಸಿಲಿಗೆ ಬಿಳಿಚಿದ್ದು; ಮಖಮಲ್ಲೂ ಅಲ್ಲ. ಹುಟ್ಟಿದಾಗಿನಿಂದ ಅವಳು ಒಂದು ಬಟ್ಟೆಯನ್ನು ಬರೀ ಹಾಳುಮಾಡುವುದಕ್ಕೆಂದು ಕತ್ತರಿಸಿದವಳಲ್ಲ. ಮೊದಲ ತುಂಡನ್ನು ಎರಡೆರಡು ಸಲ ಅಳೆದು ಕತ್ತರಿಸಿದಳು. ಆಮೇಲೆ ಸಲೀಸಾಯಿತು. ಅಂಗೈ ಅಗಲದ ಉದ್ದುದ್ದ ಪಟ್ಟಿಗಳನ್ನು ಕತ್ತರಿಸಿ ನಡುಮನೆಯಲ್ಲಿ, ಕುರ್ಚಿಯ ಕಾಲ ಹತ್ತಿರ, ಕಣ್ಣಿಗೆ ಕಾಣುವ ಹಾಗೆ ಗುಡ್ಡೆ ಹಾಕಿದಳು. ಅಂಗಿಯ ಮಡಿಕೆಗಳನ್ನು ಚಪ್ಪಟೆಯಾಗಿ ಇಸ್ತ್ರಿ ಮಾಡಿ ಲೈನಿಂಗಿಗೆ ಒತ್ತಿ ಕಚ್ಚಾ ಹೊಲಿಗೆ ಹಾಕಿದಳು.

ಬಿಸಿಲು ಇಳಿಯುವ ಹೊತ್ತಿಗೆ ವೆಂಕಟಪ್ಪ ಬಂದ. ಗುಡ್ಡೆಯನ್ನು ಕಾಲಿನ ಹೆಬ್ಬೆರಳಿನಿಂದ ಕೆದಕಿದ. ಅವಳು ಕಾಯ್ದಳು. ವರ್ಷಗಟ್ಟಲೆ ಇದೇ ಕಿಟಕಿಯಲ್ಲಿ ತೂಗಾಡಿದ ಪರದೆ, ಅವನು ಎಷ್ಟೋ ಸಲ ಕೈ ಒರೆಸಿಕೊಂಡ ಪರದೆ.

"ಇಷ್ಟೊಂದಾ ಬಿಟ್ಟಿದ್ದೆ?" ಎಂದ ಅವನು. "ಸರಿ, ತತ್ತಾ."

ಅವಳು ತೊಡಿಸಿದಳು. ಅವನು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ನಡೆದು, ತೋಳು ಬೀಸಿ ನೋಡಿದ.

"ನೋಡ್ದಾ? ಈಗ ಮೈಗೆ ಅಚ್ಚು ಹಾಕ್ದಂಗೆ ಕೂತೈತೆ. ಎಷ್ಟು ಅಗುರ ಆಯ್ತು ಅಂತೀನಿ. ಬೆಳಿಗ್ಗೆ ಕಲ್ಲು ಹೊತ್ತಂಗಿತ್ತು."

"ಹೌದಾ."

"ನನ್ನ ಮಾತು ಕೇಳ್ಬೇಕು ಕಣೆ ನೀನು." ಎದೆಯುಬ್ಬಿಸಿದ, ಉಬ್ಬಿದ್ದು ಬನಿಯನ್ ಚಿಂದಿ. ಕ್ಯಾಲೆಂಡರಿನ ಕಡೆ ತಿರುಗಿ ಕೈ ಚಾಚಿದ. "ಈ ನೆಲದಲ್ಲಿ ನನ್ನ ನೆರಳು ಬಿದ್ದ ಜಾಗವೆಲ್ಲ ನನ್ನದು. ಬೇಡಿ ಬಂದವನಿಗೆ..."

ನಿಂತ. ಚಾಚಿದ ಕೈ ಗಾಳಿಯಲ್ಲೇ ಇತ್ತು.

"ಬೇಡಿ ಬಂದವನಿಗೆ..."

ಅನುಸೂಯಮ್ಮ ಕೆಳಗೆ ಕೂತು ಪರದೆಯ ಪಟ್ಟಿಗಳನ್ನು ಒಂದೊಂದಾಗಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ದಿಂಬಿಗಾದರೂ ಆಗುತ್ತದೆ.

"ಏನೇ, ಸುಮ್ನಾಗ್ಬಿಟ್ಟೆ?"

"ನೀವೇ ನೆನಪು ಮಾಡ್ಕಳಿ," ಎಂದಳು ತಲೆ ಎತ್ತದೆ.

ಅವನು ಚಾಚಿದ ಕೈ ಇಳಿಸಿದ. ಆಮೇಲೆ ಗಂಟಲಿಗೆ ಧೂಳು ಹೋಗಿದೆಯೆಂದು ಗೊಣಗಿ, ಅಂಗಿ ಕಳಚಿಟ್ಟು, ಟೀವಿಯ ಕೋಣೆಗೆ ಹೋದ. ನ್ಯೂಸಿನವರು ಯಾರನ್ನೋ ಬಯ್ಯುವ ದನಿ ಕೇಳತೊಡಗಿತು.

ಅವಳು ಅಂಗಿಯನ್ನು ಎತ್ತಿಕೊಂಡು ಪರದೆಯಿಲ್ಲದ ಕಿಟಕಿಯ ಹತ್ತಿರ ಹೋದಳು. ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆ ತಂದೆವೋ ಗಂಡಾಳು ತಂದೆವೋ ಎಂದು ಅತ್ತೆ ಅಂದಿದ್ದ ತನ್ನ ಅಗಲವಾದ ಹೆಗಲಿನ ಸುತ್ತ ಅಳತೆಯ ಟೇಪು ಎಳೆದಳು. ಎದೆಯ ಸುತ್ತ, ಸೊಂಟದ ಸುತ್ತ, ತೋಳಿನ ಉದ್ದಕ್ಕೆ. ಅಂಗಿಯ ಒಳಮೈ ತಿರುಗಿಸಿ, ಕಚ್ಚಾ ಹೊಲಿಗೆ ಬಿಚ್ಚಿ, ಮಡಿಕೆಯನ್ನು ಬೆರಳಿನಿಂದ ಬಿಡಿಸಿ ಟೇಪು ಇಟ್ಟಳು. ಪೂರ್ತಿ ಬಿಚ್ಚಿದರೆ ಸರಿಯಾಗಿ ಸಾಲುತ್ತಿತ್ತು. ಚಿಂದಿ ಬೇಕಾಗಿರಲಿಲ್ಲ.

ದರ್ಜಿಯ ಸೀಮೆಸುಣ್ಣದ ಚೂರನ್ನು ತೆಗೆದು, ಮಡಿಕೆಯ ಕೊನೆಯಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ತೆಳ್ಳಗೆ ಬಿಳಿ ಗೆರೆ ಎಳೆದಳು. ಬೆಳಿಗ್ಗೆ ಗುಂಡುಪಿನ್ನು ಕಚ್ಚಿಕೊಂಡಿದ್ದ ತುಟಿಗಳು ರಾಜನ ಸಾಲುಗಳನ್ನು ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದವು, ಎಲ್ಲಿಯೂ ಎಡವಲಿಲ್ಲ. ಗೆರೆ ಮುಗಿದ ಮೇಲೆ ಮಡಿಕೆಯನ್ನು ಮತ್ತೆ ಒಳಕ್ಕೆ ಮುಚ್ಚಿ, ಅದರ ಮೇಲೆ ಅಂಗೈ ಎಳೆದಳು.