ತಲೆ ಕಾಣದ ದಿಂಬು

ನಾನು ಒಂದು ದಿಂಬು. ಜನ ನನ್ನಂಥವರನ್ನು ತಲೆದಿಂಬು ಎನ್ನುತ್ತಾರೆ, ಆದರೆ ನನ್ನ ಹಣೆಬರಹದಲ್ಲಿ ತಲೆ ಇರಲಿಲ್ಲ. ಗದಗಿನ ಪಿಂಜಾರ ದಾವಲಸಾಬರು ಹತ್ತಿ ಹಿಂಜಿ, ಒತ್ತಿ ಒತ್ತಿ ತುಂಬಿ, ಬಾಯಿ ಹೊಲಿದು ನನ್ನನ್ನು ಹುಟ್ಟಿಸಿದರು. "ಮದಿವಿ ಮನಿಗೆ ಹೊಂಟಿ ನೋಡು" ಎಂದು ಬೆನ್ನು ತಟ್ಟಿದರು. ಮದುವೆಯವರು ಬಂದು ಒತ್ತಿ ನೋಡಿ, ಕಲ್ಲಿನಂತಿದೆ ಎಂದು ಬಿಟ್ಟುಹೋದರು. ಗಟ್ಟಿ ದಿಂಬನ್ನೇ ಹುಡುಕಿಕೊಂಡು ಬಂದವರು ಆಸ್ಪತ್ರೆಯ ನರ್ಸ್ ಫ್ಲೋರಾ.

ನನಗೆ ಹಸಿರು ರೆಕ್ಸಿನ್ ಅಂಗಿ ತೊಡಿಸಿ ಒಳಗಿನ ಸಣ್ಣ ಕೋಣೆಯಲ್ಲಿಟ್ಟರು. ಮಕ್ಕಳಾಗದವರಿಗೆ ಅಲ್ಲಿ ಐಯುಐ ಎಂಬ ಚಿಕಿತ್ಸೆ ಮಾಡುತ್ತಿದ್ದರು. ಗಂಡ ಬೆಳಿಗ್ಗೆ ವೀರ್ಯ ಕೊಟ್ಟು, ಹೊರಗೆ ತಲೆ ತಗ್ಗಿಸಿ ಕೂರುತ್ತಾನೆ. ಲ್ಯಾಬಿನವರು ಅದನ್ನು ತೊಳೆದು ಚುರುಕಾದದ್ದನ್ನಷ್ಟೇ ಬೇರ್ಪಡಿಸಿ ಕೊಡುತ್ತಾರೆ. ಡಾಕ್ಟರಮ್ಮ ತೆಳುವಾದ ನಳಿಕೆಯಿಂದ ಅದನ್ನು ಹೆಂಡತಿಯ ಗರ್ಭಕೋಶಕ್ಕೆ ಸೇರಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಅವಳ ಸೊಂಟದ ಕೆಳಗೆ ನನ್ನನ್ನು ತಳ್ಳಿ, ಸ್ವಲ್ಪ ಹೊತ್ತು ಮಲಗು ಎನ್ನುತ್ತಾರೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ಇಲ್ಲಿ ಬರುವವರಿಗೆ ಹಾಸಿಗೆ, ದಿಂಬು, ಫ್ಯಾನು ಎಲ್ಲ ಕೊಟ್ಟರೂ ಕಣ್ಣು ಮುಚ್ಚುವುದಿಲ್ಲ. ಅಲುಗಾಡಿದರೆ ಎಲ್ಲ ಜಾರಿಹೋದೀತೆಂಬ ಭಯ. ಹೊರಗಿನವರಿಗೆ ಮಲಗಿದಂತೆ ಕಾಣುತ್ತಾರೆ, ಕೆಳಗಿರುವ ನನಗೆ ಗೊತ್ತು, ಮೈಯೆಲ್ಲ ಸೆಟೆದಿರುತ್ತದೆ.

ನೀಲಗಂಗಾ ಮೊದಲ ಸಲ ಬಂದಾಗ ಅವಳಿಗೆ ನೆಗಡಿ. ಸೀನು ಬಂತು. ಬಾಗಿಲಲ್ಲೇ ನಿಂತಿದ್ದ ಅತ್ತೆ ಚನ್ನಬಸವ್ವ "ತಡ್ಕೊ ಯವ್ವಾ, ಸೀನಬ್ಯಾಡ!" ಎಂದು ಕೂಗಿದಳು. ಪಾಪ, ಹುಡುಗಿ ಮೂಗು ಹಿಡಿದುಕೊಂಡು ಕಣ್ಣೀರು ಬರುವ ತನಕ ತಡೆದಳು. "ಸೀನಿದ್ರ ಏನೂ ಆಗೂದಿಲ್ಲವ್ವಾ" ಎಂದು ಡಾಕ್ಟರಮ್ಮ ನಕ್ಕರು. ಯಾರು ಕೇಳುತ್ತಾರೆ? ಮನೆಗೆ ಹೋಗುವಾಗ ಅತ್ತೆ ಆಟೋದವನಿಗೆ ಹಂಪ್ ಬಂದಲ್ಲೆಲ್ಲ ಸಾವಕಾಶ ಸಾವಕಾಶ ಎನ್ನುತ್ತಿದ್ದಳಂತೆ. ಕೆಟ್ಟ ಹೆಂಗಸಲ್ಲ ಆಕೆ. ಕೊಡ ಎತ್ತಬೇಡ, ಮೆಟ್ಟಿಲು ಹತ್ತಬೇಡ, ಮಗ್ಗಲು ಬದಲಿಸಬೇಡ ಎನ್ನುವುದೆಲ್ಲ ಪ್ರೀತಿಯಿಂದಲೇ. ಆ ಪ್ರೀತಿಯೇ ಸೊಸೆಯನ್ನು ಹಿಂಡಿತ್ತು.

ನೀಲಗಂಗಾ ಮತ್ತೆ ಬಂದಳು, ಆಮೇಲೆ ಮತ್ತೂ ಬಂದಳು. ಗರ್ಭ ನಿಂತವರು ಈ ಕೋಣೆಗೆ ಮರಳುವುದಿಲ್ಲ. ಮರಳಿ ಬರುವವರೆಲ್ಲ ಸೋತವರೇ. ಹಾಗಾಗಿ ನನ್ನ ಪರಿಚಯದವರೆಲ್ಲ ಸೋತವರು. ಅವರ ಭಾರ ಹೊತ್ತು ಹೊತ್ತು ನನ್ನ ಹತ್ತಿ ಗಂಟುಕಟ್ಟಿತು. ನಿಜ ಹೇಳುತ್ತೇನೆ, ನಾನೂ ಬೇಸತ್ತು ಹೋಗಿದ್ದೆ.

ಕೊನೆಯ ಸಲ ಡಾಕ್ಟರಮ್ಮ ಬಿಚ್ಚಿಯೇ ಹೇಳಿದರು. "ಇದೊಂದು ಸಲ ನೋಡೂಣು. ಆಗ್ಲಿಲ್ಲಂದ್ರ ಐಯುಐ ಸಾಕು ಮಾಡೂಣು." ಅವರು ಕೆಲಸ ಮುಗಿಸಿ ಹೊರಗೆ ಹೋದ ಮೇಲೆ ಫ್ಲೋರಾ ಎಂದಿನಂತೆ ನನ್ನನ್ನು ಸೊಂಟದ ಕೆಳಗೆ ತಳ್ಳಿದರು. ನೀಲಗಂಗಾ ನನ್ನನ್ನು ಎಳೆದು ತೆಗೆದಳು.

"ಸಿಸ್ಟರ್, ಸೀನಿದ್ರೂ ಏನೂ ಆಗೂದಿಲ್ಲ ಅಂದಿದ್ರಲ್ಲ ಡಾಕ್ಟರು?"

"ಹೌದವ್ವಾ."

"ಹಂಗಾರ ಇದನ್ನ ತಲಿಗೆ ಇಟ್ಕೋತೇನ್ರಿ. ನನಗ ಸಾಕಾಗೇತ್ರಿ."

ಫ್ಲೋರಾ ತಾವೇ ನನ್ನನ್ನು ತಟ್ಟಿ ಅವಳ ತಲೆಯಡಿ ಇಟ್ಟರು.

ನನ್ನ ಜನ್ಮದಲ್ಲಿ ಅದೇ ಮೊದಲ ತಲೆ. ಕೊಬ್ಬರಿ ಎಣ್ಣೆಯ ವಾಸನೆ, ಜಡೆಯ ಪಿನ್ನಿನ ಚುಚ್ಚು. ಸ್ವಲ್ಪ ಅತ್ತಳು. ಮಗ್ಗಲು ಬದಲಿಸಿದಳು. ಆಮೇಲೆ ಸಣ್ಣಗೆ ಗೊರಕೆ ಹೊಡೆಯತೊಡಗಿದಳು.

ಬಾಗಿಲು ಬಡಿದ ಸದ್ದಾಯಿತು. "ಯಾಕ್ರೀ ಸಿಸ್ಟರ್ ಇಷ್ಟೊತ್ತು?" ಎಂದಳು ಚನ್ನಬಸವ್ವ.

"ಈ ಸಲ ಜಾಸ್ತಿ ಮಲಗಬೇಕಂತ್ರಿ ಅಮ್ಮಾ" ಎಂದು ಫ್ಲೋರಾ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

"ಹೌದೇನ್ರಿ? ಮಲಗ್ಲಿ, ಮಲಗ್ಲಿ!" ಆ ತಾಯಿ ಅತ್ತ ತಿರುಗಿ ವರಾಂಡದವರನ್ನೆಲ್ಲ ಶ್, ಶ್ ಎಂದು ಸುಮ್ಮನಾಗಿಸತೊಡಗಿದಳು.

ನೀಲಗಂಗಾ ಮತ್ತೆ ಬರಲಿಲ್ಲ. ಗೆದ್ದಳು ಎಂದುಕೊಂಡು ಹಿಗ್ಗಿದೆ. ಒಂದು ದಿನ ಫ್ಲೋರಾ ಆಯಾಗೆ ಹೇಳುತ್ತಿದ್ದರು. "ಸಂತ್ಯಾಗ ಸಿಕ್ಕಿದ್ಲು. ಆ ಸಲಾನೂ ನಿಲ್ಲಲಿಲ್ಲಂತ. ಅತ್ತಿ ಮುಂದ ತಾನ ಸಾಕು ಅಂದ್ಲಂತ." ನನಗೆ ತುಂಬ ದುಃಖವಾಯಿತು.

ಈಗ ಆ ಕೋಣೆಗೆ ಗುಂಡಿ ಒತ್ತಿದರೆ ಬಾಗುವ ಮಂಚ ಬಂದಿದೆ. ಅಂಗಿ ಹರಿದ ನಾನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದೇನೆ. ಮಗು ಬೇಕೆಂದು ಎಷ್ಟೋ ಹೆಣ್ಣುಮಕ್ಕಳು ನನ್ನ ಮೇಲೆ ಮಲಗಿದರು. ಅವರಿಗೆ ನಾನೇನು ಕೊಟ್ಟೆನೋ ಗೊತ್ತಿಲ್ಲ. ನಿದ್ದೆ ಮಾಡಿದವಳು ಮಾತ್ರ ಅವಳೊಬ್ಬಳೇ.