ಲೊಕೇಶನ್ ಆನ್ ಇರಲಿ

ನಿಶ್ಚಿತಾರ್ಥ ಮುಗಿದ ಮೂರನೇ ಭಾನುವಾರ ಪ್ರಜ್ವಲ್ ರಮಿತಾಳ ಫೋನ್ ತೆಗೆದುಕೊಂಡು, ಅವಳು ಎಲ್ಲಿದ್ದಾಳೆಂಬುದು ತನ್ನ ಫೋನಿನಲ್ಲಿ ಸದಾ ಕಾಣುವಂತೆ ಮಾಡಿಕೊಂಡ.

"ನೀನ್ ದಿನಾ ಬಸ್ಸಲ್ ಹೋಪವ್ಳ್. ನಂಗ್ ಹೆದ್ರಿಕೆ ಆತ್ತ್. ಲೊಕೇಶನ್ ಆನ್ ಇರ್ಲಿ," ಎಂದ.

ರಮಿತಾಳಿಗೆ ಆಗ ಖುಷಿಯೇ ಆಗಿತ್ತು. ಅವಳ ಮನೆ ಸಾಲಿಗ್ರಾಮ, ಕೆಲಸ ಕುಂದಾಪುರದ ಒಂದು ಕನ್ನಡಕದ ಅಂಗಡಿಯಲ್ಲಿ. ಪ್ರಜ್ವಲ್‌ನದು ಬೈಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅಷ್ಟು ದೂರದಲ್ಲಿ ಕುಳಿತು ತನ್ನ ಚಿಂತೆ ಮಾಡುವವನೊಬ್ಬ ಇದ್ದಾನೆ ಅನ್ನುವುದು ಹಿತವಾಗಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಪ್ರಶ್ನೆಗಳು ಶುರುವಾದವು. ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ದಿನಾ ಎಂಟು ನಿಮಿಷ, ಇವತ್ತು ಹದಿನೇಳು ಯಾಕೆ? ದಾರಿ ಮಧ್ಯೆ ಕೋಟದಲ್ಲಿ ಇಳಿದದ್ದು ಯಾರನ್ನು ನೋಡಲು? ಅವನು ಬೈಯುತ್ತಿರಲಿಲ್ಲ. ನಗುತ್ತಲೇ ಕೇಳುತ್ತಿದ್ದ, ಉತ್ತರ ಸಿಗುವವರೆಗೆ ಬಿಡುತ್ತಿರಲಿಲ್ಲ, ಅಷ್ಟೇ. ರಮಿತಾ ದಾರಿಯಲ್ಲಿ ಬಳೆ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಕಾಲೇಜಿನಲ್ಲಿ ಜೊತೆಗಿದ್ದ ಅಶೋಕ್ ಎದುರಿಗೆ ಸಿಕ್ಕಿದಾಗ ನಿಲ್ಲದೆ ಮುಂದೆ ನಡೆದಳು. ಫೋನಿನ ಚಾರ್ಜ್ ಕಡಿಮೆಯಾದರೆ ಕೆಲಸ ಬಿಟ್ಟು ಚಾರ್ಜರ್ ಹುಡುಕುತ್ತಿದ್ದಳು.

ಅಂಗಡಿಯಲ್ಲಿ ಅವಳ ಜೊತೆ ಕೆಲಸಕ್ಕಿದ್ದವಳು ಕೋಡಿಯ ವಿಜೇತಾ. ಮದುವೆಯಾಗಿ ನಾಲ್ಕು ವರ್ಷ. ಗಂಡ ಲೀಲಾಧರ ಟೆಂಪೋದಲ್ಲಿ ಮೀನು ಸಾಗಿಸುವವನು. ಅವನು ಹೊಡೆಯುವ ಸಂಗತಿ ರಮಿತಾಳಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಒಂದು ಬುಧವಾರ ವಿಜೇತಾ ಮೆಲ್ಲಗೆ ಹೇಳಿದಳು: "ಒಬ್ರ್ ವಕೀಲ್ರನ್ನ ಕಾಂಬುಕಿತ್ತ್. ಊಟದ್ ಹೊತ್ತಿಗ್ ನನ್ನೊಟ್ಟಿಗ್ ಬಾ ಮಾರಾಯ್ತಿ. ಒಬ್ಳೇ ಹೋಪುಕೆ ಕೈಕಾಲ್ ನಡ್ಗತ್ತ್. ಯಾರತ್ರೂ ಹೇಳ್ಬ್ಯಾಡ."

ವಕೀಲರ ಕಚೇರಿ ಒಂದು ಹಳೆಯ ಕಟ್ಟಡದ ಮೊದಲ ಮಾಳಿಗೆಯಲ್ಲಿತ್ತು. ನಲವತ್ತು ನಿಮಿಷ ಹಿಡಿಯಿತು. ವಿಜೇತಾ ಅಳದೆ ಎಲ್ಲವನ್ನೂ ಹೇಳಿದಳು. ರಮಿತಾ ಅವಳ ಕೈ ಹಿಡಿದು ಕುಳಿತಿದ್ದಳು. ಹೊರಗೆ ಬಂದು ಫೋನ್ ನೋಡಿದರೆ ಪ್ರಜ್ವಲ್‌ನ ಹನ್ನೊಂದು ಕರೆಗಳಿದ್ದವು.

"ಲಾಡ್ಜಲ್ಲಿ ಎಂತ ಕೆಲ್ಸ ನಿಂಗೆ?" ತಿರುಗಿ ಫೋನ್ ಮಾಡಿದ ಕೂಡಲೇ ಅವನು ಕೇಳಿದ.

ಅದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಲಾಡ್ಜ್ ಇತ್ತು. ಫೋನಿನ ನಕ್ಷೆ ತೋರಿಸಿದ್ದು ಆ ಹೆಸರನ್ನು ಮಾತ್ರ.

"ಲಾಡ್ಜ್ ಅಲ್ಲ. ವಿಜೇತನೊಟ್ಟಿಗ್ ಹೋಯಿದ್ದೆ. ಅವ್ಳಿಗೊಂದ್ ಕೆಲ್ಸ ಇದ್ದಿತ್ತ್."

"ಎಂತ ಕೆಲ್ಸ?"

"ಅದ್ ಅವ್ಳ್ ವಿಷ್ಯ. ನಾನ್ ಹೇಳುಕಾಗ."

"ಹಾಂಗಾರ್ ನಾನ್ ಎಂತ ತಿಳ್ಕಣ್ಕ್, ನೀನೇ ಹೇಳ್."

ಮಧ್ಯಾಹ್ನವಿಡೀ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಸಂಜೆ ಸಾಲಿಗ್ರಾಮದಲ್ಲಿ ಬಸ್ಸಿಳಿದರೆ ಪ್ರಜ್ವಲ್ ಅಲ್ಲೇ ಬೈಕಿಗೆ ಒರಗಿ ನಿಂತಿದ್ದ. ಅಳುತ್ತಿದ್ದ. "ನನ್ನ ಅಮ್ಮನಿಗ್ ಎಂತ ಹೇಳ್ಲಿ? ಇಡೀ ಊರಿಗ್ ಮದ್ವೆ ಹೇಳಿಕೆ ಹೋಯ್ತ್," ಎಂದ. ಬಸ್ಸಿಳಿದವರು ತಿರುಗಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡರೆ ತಾನು ಕೆಟ್ಟವಳು, ಬಿಟ್ಟರೆ ವಿಜೇತಾಳಿಗೆ ದ್ರೋಹ. ರಮಿತಾಳಿಗೆ ಮೂರನೇ ದಾರಿ ಕಾಣಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಎಲ್ಲ ಹೇಳಿದಳು. ಅವನು ಕಣ್ಣೊರೆಸಿಕೊಂಡು, "ಇಷ್ಟೇ ಅಲ್ದಾ? ಮೊದ್ಲೇ ಹೇಳುಕಾಗ್ದಾ?" ಎಂದು ನಕ್ಕ.

ಶುಕ್ರವಾರ ವಿಜೇತಾ ಕೆಲಸಕ್ಕೆ ಬರಲಿಲ್ಲ. ಶನಿವಾರವೂ ಇಲ್ಲ. ಸೋಮವಾರ ಬಂದಳು, ತನ್ನ ಸಾಮಾನು ಒಯ್ಯಲು. ಎಡಗೆನ್ನೆ ಬಾತಿತ್ತು. ಹೊರಗೆ ಲೀಲಾಧರ ಟೆಂಪೋ ಬಂದ್ ಮಾಡದೆ ಕಾಯುತ್ತಿದ್ದ.

"ಎಂತಾಯ್ತ್ ವಿಜೇತಾ?"

ವಿಜೇತಾ ಅವಳ ಮುಖ ನೋಡಲಿಲ್ಲ. "ನಿನ್ ಮದ್ವೆ ಆಪವ ಬೈಂದೂರ್ ಪೇಟೆಯಲ್ ಮೀನ್ ಟೆಂಪೋ ಹುಡ್ಕಿ ಇವ್ರನ್ನ ಹಿಡ್ದ್ ಕೇಳ್ದ ಅಂಬ್ರ್, ನಿಮ್ ಹೆಂಡ್ತಿ ವಕೀಲ್ರತ್ರ ಹೋದ್ದ್ ಹೌದಾ ಅಂತ. ಇವ್ರ್ ಮನೆಗ್ ಬಂದ್ ಬ್ಯಾಗ್ ಹುಡ್ಕಿರ್. ವಕೀಲ್ರ್ ಕಾರ್ಡ್ ಸಿಕ್ತ್." ಚೀಲದ ಜಿಪ್ ಎಳೆದಳು. "ನಿನ್ನತ್ರ ಮಾತ್ರ ಹೇಳಿದ್ದೆ."

ರಮಿತಾ ಅಲ್ಲಿಂದಲೇ ಪ್ರಜ್ವಲ್‌ಗೆ ಫೋನ್ ಮಾಡಿದಳು. ಆಣೆ ಹಾಕಿದ್ದು ನೆನಪಿಲ್ಲವೇ ಎಂದು ಕೇಳಿದಳು.

"ನಾನ್ ಊರಿಗೆಲ್ಲ ಹೇಳ್ಲಿಲ್ಲ. ಅವಳ ಗಂಡನ ಹತ್ರ ಕೇಳ್ದ್ದ್ ಅಷ್ಟೆ. ಖಾತ್ರಿ ಮಾಡ್ಕಣ್ಕಲ್ದಾ?" ಎಂದ. ಅವನ ಸ್ವರದಲ್ಲಿ ತಪ್ಪು ಮಾಡಿದ ಅಳುಕು ಸ್ವಲ್ಪವೂ ಇರಲಿಲ್ಲ, ಸಂತೋಷವಿತ್ತು. "ನೀನ್ ಹೇಳ್ದ್ದ್ ಖರೆ ಅಂತ ಗೊತ್ತಾಯ್ತ್. ಇನ್ ನಂಗ್ ನಿನ್ ಮೇಲ್ ಪೂರ್ತಿ ನಂಬಿಕೆ."

ರಮಿತಾ ಫೋನಿಟ್ಟು ಲೊಕೇಶನ್ ಬಂದ್ ಮಾಡಿದಳು. ಹತ್ತು ನಿಮಿಷದೊಳಗೆ ಅವನ ತಾಯಿ ಫೋನ್ ಮಾಡಿದರು, ಆಮೇಲೆ ಅವನ ಅಕ್ಕ, ಆಮೇಲೆ ಸ್ವತಃ ರಮಿತಾಳ ಅಮ್ಮ ಸರಸ. ಮನೆಗೆ ಹೋದಾಗ ಅಮ್ಮ ಜಗಲಿಯಲ್ಲೇ ಕಾದಿದ್ದಳು.

"ಅದನ್ನೊಂದ್ ಆನ್ ಮಾಡ್ ಮಗಾ. ನಿಂಗ್ ಮುಚ್ಚಿಡುದ್ ಎಂತ ಇತ್ತ್?"

"ಮುಚ್ಚಿಡುದ್ ಎಂತದೂ ಇಲ್ಲ ಅಮ್ಮ."

"ಮತ್ತೆಂತ? ಅವ ಕುಡಿತ್ನಿಲ್ಲ, ಹೊಡಿತ್ನಿಲ್ಲ. ನಿನ್ ಮೇಲ್ ಜೀವ ಇಟ್ಕಂಡಿದ್ದ."

ಅವನು ಮಾಡಿದ್ದನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. ನಾಲ್ಕು ದಿನ ಎಲ್ಲರೂ ಅದನ್ನೇ ಹೇಳಿದರು, ಮೆತ್ತಗೆ, ಪ್ರೀತಿಯಿಂದ. ನಾಲ್ಕನೇ ದಿನ ಅವಳೇ ಸೋತು ಲೊಕೇಶನ್ ಆನ್ ಮಾಡಿದಳು. ಮರುಗಳಿಗೆಯೇ ಅವನಿಂದ ಒಂದು ಹೃದಯದ ಚಿತ್ರ ಬಂತು. ಅದನ್ನು ಕಂಡದ್ದೇ ಫೋನನ್ನು ಮಗುಚಿ ಹಾಕಿದಳು.

ಮರುದಿನ ಬೆಳಿಗ್ಗೆ ಅಪ್ಪಯ್ಯ ಮಂಜಯ್ಯನ ಎದುರು ಉಂಗುರ ಬಿಚ್ಚಿಟ್ಟಳು. "ನನ್ನಿಂದ ಆಪುದಿಲ್ಲ ಅಪ್ಪಯ್ಯ. ಅವನ್ ಮನೆಗ್ ಹೋದ್ರೆ ನಂಗ್ ಉಸ್ರ್ ಬಿಡುಕೂ ಲೆಕ್ಕ ಕೊಡ್ಕಾತ್ತ್."

ಮಂಜಯ್ಯ ಬೈಯಲಿಲ್ಲ. ಮಗಳನ್ನು ಸಮರ್ಥಿಸಲೂ ಇಲ್ಲ. ಊಟ ಮುಗಿಸಿ ಅಂಗಿ ಹಾಕಿಕೊಂಡು ಉಂಗುರ ಹಿಡಿದು ಬೈಂದೂರಿನ ಬಸ್ ಹತ್ತಿದರು.

ಹುಡುಗಿಗೆ ಬೇರೆ ಯಾರೋ ಇದ್ದಾನೆ ಎಂದು ಊರು ಮಾತಾಡಿತು. ಲಾಡ್ಜಿನ ಸಂಗತಿಯೂ ಹೇಗೋ ಹರಡಿತು. ಸರಸ ಎರಡು ತಿಂಗಳು ಮಗಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ರಮಿತಾ ಇದೆಲ್ಲವನ್ನೂ ತಡೆದುಕೊಂಡಳು. ತಡೆಯಲಾಗದ್ದು ಒಂದೇ: ವಿಜೇತಾಳ ಫೋನ್ ಯಾವಾಗಲೂ ಸ್ವಿಚ್ ಆಫ್.

ಒಂದು ರಜೆಯ ದಿನ ಕೋಡಿಯ ಅವಳ ಮನೆಗೆ ಹೋದಳು. ವಿಜೇತಾ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಜಗಲಿಯಲ್ಲಿ ಅತ್ತೆ ಕೂತಿದ್ದರು. ರಮಿತಾ ಬೇಲಿಯ ಈಚೆ ನಿಂತಳು. ವಕೀಲರೊಂದಿಗೆ ಮಾತಾಡಿದ್ದೇನೆ, ಕ್ಷಮಿಸು, ಈಗಲೂ ಜೊತೆಗೆ ಬರುತ್ತೇನೆ ಎಂದೆಲ್ಲ ಹೇಳಲು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು.

ವಿಜೇತಾ ತಲೆಯೆತ್ತಿ ನೋಡಿದಳು. ಅತ್ತೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ಆಮೇಲೆ ಖಾಲಿ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.