ತಾನಾಗಿ ಹುಟ್ಟಿದ ಬಳ್ಳಿಯ ಕಾಯಿ

ಆಸ್ಪತ್ರೆಯ ಅಡುಗೆಮನೆಯಲ್ಲಿ ಸಿಹಿಗುಂಬಳ ಆರಿಸುವ ಹಕ್ಕು ದೊಡ್ಡಮ್ಮನೊಬ್ಬಳದೇ. ತರಕಾರಿ ಹೆಚ್ಚಲು ಬರುವ ತಂಗಿಯ ಮಗಳು ಹಾಗೆ ಕರೆಯುತ್ತಿದ್ದಳೆಂದು ಊರಿಗೆಲ್ಲ ಅವಳು ದೊಡ್ಡಮ್ಮನಾಗಿದ್ದಳು. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು, ಎತ್ತಿದರೆ ಕೈ ಜಗ್ಗಬೇಕು. ಇಷ್ಟಾದ ಮೇಲೂ ಪ್ರತಿ ಕಾಯಿಯಿಂದ ಒಂದು ಹಸಿ ಚೂರು ಅವಳ ಬಾಯಿಗೆ ಹೋಗಬೇಕು, ಅವಳು ತಲೆಯಾಡಿಸಿದರೆ ಮಾತ್ರ ಪಾತ್ರೆಗೆ. ಜ್ವರದ ವಾರ್ಡಿನವರಿಗೆ ಔಷಧಿ ನುಂಗಿ ನುಂಗಿ ಹಾಲೂ ಕಹಿ, ಸಕ್ಕರೆಯೂ ಕಹಿ. ಅವರ ಮಾತು ಕೇಳಿ ಅಡುಗೆ ಮಾಡಿದರೆ ಆದಂತೆಯೇ! ಆ ಕಟ್ಟಡಕ್ಕೆಲ್ಲ ದೊಡ್ಡಮ್ಮನ ನಾಲಿಗೆಯೊಂದೇ ಗತಿ.

ಆ ನಾಲಿಗೆ ಸತ್ತು ಮೂರು ತಿಂಗಳಾಗಿತ್ತು. ನೆಗಡಿಯೆಂದು ಬಂದದ್ದು ಹೋಗುವಾಗ ರುಚಿ, ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ರುಚಿ ಗೊತ್ತಾಗದ ಅಡುಗೆಯವಳನ್ನು ಯಾವ ಪುಣ್ಯಾತ್ಮ ಇಟ್ಟುಕೊಂಡಾನು? ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ, ಮನೆ ನಡೆಯುತ್ತಿದ್ದದ್ದೇ ಈ ಕೆಲಸದಿಂದ. ಉಪ್ಪನ್ನು ಚಮಚದಲ್ಲಿ ಅಳೆದು ಹಾಕುತ್ತ, ಕಾಯಿಯನ್ನು ಕೈಯಲ್ಲೇ ಅರಿಯುತ್ತ ಹೇಗೋ ದಿನ ದೂಡುತ್ತಿದ್ದಳು.

ಅಂದು ಬೆಳಿಗ್ಗೆ ತರಕಾರಿಯವನು ತಂದ ಕಾಯಿಗಳೆಲ್ಲ ಎಳಸು, ಒಂದನ್ನು ಬಿಟ್ಟು.

"ಇದು ನಾನು ಬಿತ್ತಿದ್ದಲ್ಲಮ್ಮ," ಎಂದ ಅವನು. "ಗೊಬ್ಬರದ ಗುಂಡಿ ಹತ್ರ ತಾನಾಗೇ ಹುಟ್ಕೊಂಡಿದ್ದು. ಬೇಲಿ ಮೇಲಿನ ಕಾಡುಬಳ್ಳಿ ಜೊತೆ ಸೇರ್ಕೊಂಡು ಹಬ್ಬಿತ್ತು. ಹೆಂಗಿದೆ ನೋಡಿ, ಮದುಮಗಳ ಥರ!"

ದೊಡ್ಡಮ್ಮ ಕಾಯಿಯನ್ನು ಬೆಳಕಿಗೆ ಎಳೆದುಕೊಂಡಳು. ಇಂಥ ಕಾಯಿ ಒಮ್ಮೊಮ್ಮೆ ವಿಷದ ಕಹಿ ಹಿಡಿಯುತ್ತದೆ, ಬೇಯಿಸಿದರೂ ಹೋಗದು, ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸುತ್ತದೆ ಎಂದು ಅವಳ ತಾಯಿ ಹೇಳಿದ್ದಳು. ಹೊರಗಿನಿಂದ ಅದು ತಿಳಿಯುವುದಿಲ್ಲ. ತೊಟ್ಟು ನೋಡಿದಳು, ಉಗುರು ಊರಿದಳು, ಎತ್ತಿದಳು. ಒಂದು ಕೊರತೆಯೂ ಇಲ್ಲ. ಕಹಿಯಿದ್ದೀತು, ಬೇಡ ಎಂದರೆ ರುಚಿ ನೋಡಿ ಹೇಳು ಎನ್ನುತ್ತಾರೆ. ನೀನೇ ತಿಂದು ನೋಡು ಎಂದು ತಂಗಿಯ ಮಗಳಿಗೆ ಕೊಟ್ಟರೆ, ಯಾಕೆಂದು ಕೇಳುತ್ತಾಳೆ.

ಹುಡುಗಿ ಕಾಯಿ ಸೀಳಿ ಚೂರು ಚಾಚಿದಳು. "ಈಚೆಗೆ ಬಾಯಿಗೆ ಬೀಳೋ ಮೊದ್ಲೇ ತಲೆ ಆಡಿಸ್ತೀಯಲ್ಲ ದೊಡ್ಡಮ್ಮ, ಅಷ್ಟು ಅವಸರ ಏನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡಮ್ಮ ಅಂದು ಬೇಕೆಂದೇ ನಿಧಾನವಾಗಿ ಅಗಿದಳು. ಒದ್ದೆ ಕಾಗದ ಅಗಿದ ಹಾಗಿತ್ತು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ನುಂಗಿ, ತಲೆಯಾಡಿಸಿದಳು.

ಮಧ್ಯಾಹ್ನ ಆ ಕಾಯಿಯ ಸೂಪು ಜ್ವರದ ವಾರ್ಡಿಗೆ ಹೋಗಿ ಅರ್ಧ ಗಂಟೆಯಾಗಿತ್ತು. ಪಾತ್ರೆ ತೊಳೆಯಲು ಕೂತ ಹುಡುಗಿ ಸೌಟು ನೆಕ್ಕಿದವಳೇ ಥೂ ಎಂದು ಉಗಿದಳು, ಬಾಯಿ ಮುಕ್ಕಳಿಸಿ ಮತ್ತೆ ಉಗಿದಳು.

"ದೊಡ್ಡಮ್ಮ, ಬಾಯಲ್ಲಿ ಇಡೋಕಾಗ್ತಿಲ್ಲ! ಇಂಥ ಕಹೀನ ನೀನು ಅಗಿದು ನುಂಗಿದ್ಯಲ್ಲ!"

ದೊಡ್ಡಮ್ಮ ಆಗಲೇ ಬಾಗಿಲು ದಾಟಿದ್ದಳು. ಸೆರಗು ಜಾರಿದ್ದೂ ತಿಳಿಯದೆ ಓಡಿದಳು, ಎರಡೆರಡು ಮೆಟ್ಟಿಲು ಹತ್ತಿದಳು. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಬಟ್ಟಲುಗಳ ಗಾಡಿ ತಳ್ಳಿಕೊಂಡು ಎದುರಾದರು. ಒಂದು ಬಟ್ಟಲಲ್ಲೂ ಹನಿ ಉಳಿದಿರಲಿಲ್ಲ.

"ನೋಡಿ ದೊಡ್ಡಮ್ಮ, ಎಲ್ಲಾ ಖಾಲಿ!" ಸಿಸ್ಟರಿಗೆ ಗೆದ್ದ ಖುಷಿ. "ಕಹಿ ಕಹಿ ಅಂತ ದಿನದ ರಾಗ ಇದ್ದೇ ಇತ್ತು. ಒಬ್ಬಜ್ಜಿ ಕಣ್ಣೀರೇ ಹಾಕಿದ್ರು. ನಾನು ಬಿಡ್ತೀನಾ? ದೊಡ್ಡಮ್ಮ ರುಚಿ ನೋಡಿ ಕಳ್ಸಿದ್ದು, ಸುಮ್ನೆ ಕುಡೀರಿ ಅಂತ ಗದರಿ ಕುಡಿಸ್ದೆ."

"ಡಾಕ್ಟರನ್ನ ಕರೀರಿ," ಎಂದಳು ದೊಡ್ಡಮ್ಮ. "ಅದು ವಿಷದ ಕಾಯಿ ಸಿಸ್ಟರ್. ನಂಗೆ ರುಚಿ ಗೊತ್ತಾಗಲ್ಲ. ಮೂರು ತಿಂಗಳಾಯ್ತು."

ತಮಾಷೆಯೆಂದು ಸಿಸ್ಟರ್ ನಗಲು ಹೊರಟರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ, ಕಿಟಕಿಯ ಬದಿಯ ಹಾಸಿಗೆಯಲ್ಲಿ ಯಾರೋ ಓಕರಿಸಿದರು. ಅದು ನಿಲ್ಲುವ ಮೊದಲೇ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರು.